ಏಳನೆಯ ಬಿರುಕು

ಮೂರು ಕಿಲೋಮೀಟರು ಕೆಳಗೆ ಮರಳುಗಲ್ಲು,
ಅದರ ಮೇಲೆ ಉಪ್ಪಿನ ಹಾಸು, ಉಪ್ಪಿನ ಮೇಲೆ ಜೇಡಿ,
ಜೇಡಿಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಹಸು,
ಹಸುವಿನ ಆಚೆ ಗೇಸ್ಕಳ ಸೈಕಲ್ ರಿಪೇರಿ ಅಂಗಡಿ.
ಗ್ರೋನಿಂಗೆನ್ ಸೀಮೆಯನ್ನು ನಾನು
ಹೀಗೆ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ.
ನನ್ನ ಕೆಲಸ ಬಿರುಕು ಅಳೆಯುವುದು,
ಅಳೆದು, ಯಾಕೆ ಎಂದು ಬರೆಯುವುದು.

ಅಳೆಯುವುದು ಸುಲಭ. ಪಾರದರ್ಶಕ ಪ್ಲಾಸ್ಟಿಕ್ಕಿನ ಪಟ್ಟಿ,
ಅದರ ಮೇಲೆ ಕೂದಲೆಳೆಯ ಗೀಟುಗಳು.
'ಯಾಕೆ' ಎಂಬ ಕಾಲಮ್ಮು ಮಾತ್ರ
ಕಾಗದದಲ್ಲಿ ಎರಡೇ ಬೆರಳು ಅಗಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೆ. ಅಲ್ಲಿ ಕಾರಣ ಸಜ್ಜನ:
ಗೋಲಿಗೆ ಗೋಲಿ ತಾಗುವುದು, ಎರಡನೆಯದು ಉರುಳುವುದು,
ನೂರು ಸಲ ಕೇಳಿದರೂ ಅದೇ ಉತ್ತರ.
ಆಮೇಲೆ ಆಮ್‌ಸ್ಟರ್‌ಡ್ಯಾಮಿನ ಬ್ಯಾಂಕಿನಲ್ಲಿ ಆರು ವರ್ಷ.
ಅಲ್ಲಿ ದರ ಇಳಿದ ಮೇಲೆ ಕಾರಣ ಹುಟ್ಟುತ್ತಿತ್ತು,
ಸಂಜೆ ಐದೂವರೆಗೆ, ಟೈ ಕಟ್ಟಿಕೊಂಡು.
ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ
ನಾವು ಒಂದು ಗ್ರಾಫು ಎಳೆಯುತ್ತಿದ್ದೆವು;
ಕಾಗೆಯನ್ನು ಮಾರುತ್ತಿದ್ದೆವು ಕೂಡ.

ಈಗ ಇಲ್ಲಿ.
ಎಲ್ಲೋ ಎಣ್ಣೆಯ ಬೆಲೆ ಏರಿತು, ಅನಿಲದ ಬೆಲೆ ಅದರ ಬಾಲ ಹಿಡಿಯಿತು,
ಚಳಿ ಕಚ್ಚಿತು, ಯಾವುದೋ ಊರಿನ ಬಚ್ಚಲಲ್ಲಿ
ಯಾರೋ ಬಿಸಿನೀರಿನ ನಲ್ಲಿ ತಿರುಗಿಸಿ ಗುನುಗಿಕೊಂಡರು.
ಮರಳುಗಲ್ಲಿನ ಉಸಿರು ಅಷ್ಟು ಕಡಿಮೆಯಾಯಿತು.
ನೆಲ ಕುಗ್ಗಿತು, ಒಮ್ಮೆ ಮೈ ಕೊಡವಿತು.
ಗೇಸ್ಕಳ ಅಡುಗೆಮನೆಯ ಗೋಡೆಯಲ್ಲಿ ಒಂದು ಗೆರೆ.
ನಲ್ಲಿ ತಿರುಗಿಸಿದ ಕೈಗೆ ಏನೂ ತಿಳಿಯದು.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಉಪ್ಪಿನ ಕೆಳಗಿಂದ ಕುಡಿದವರ ಬಗ್ಗೆ ಗಾದೆ ಇಲ್ಲ.

ಅಥವಾ, ಹಾಗಲ್ಲದೆಯೂ ಇರಬಹುದು.
ಜೇಡಿ ಬೇಸಿಗೆಯಲ್ಲಿ ಒಣಗುತ್ತದೆ. ಹಳೆಯ ಇಟ್ಟಿಗೆ ದಣಿಯುತ್ತದೆ.
ಕಂಪನಿಯ ವಕೀಲರು ಈ 'ಅಥವಾ'ದ ಮೇಲೆ
ಮೂರು ಅಂತಸ್ತಿನ ಮನೆ ಕಟ್ಟಿದ್ದಾರೆ.
ಅದರಲ್ಲಿ ಬಿರುಕಿಲ್ಲ.

ಬೀದಿಯ ಕೊನೆಯ ಮನೆ ಎರಡು ವರ್ಷದಿಂದ ಮಾರಾಟಕ್ಕಿದೆ.
ಬೆಲೆ ಬಿದ್ದದ್ದು ಬಿರುಕಿನಿಂದಲೋ, ಬಿರುಕಿನ ಸುದ್ದಿಯಿಂದಲೋ?
ಶಾಲೆ ಮುಚ್ಚಿತೆಂದು ಜನ ಹೋದರೋ,
ಜನ ಹೋದರೆಂದು ಶಾಲೆ ಮುಚ್ಚಿತೋ?
ಬೀಗ ಎರಡೂ ಕಡೆಯಿಂದ ಹಾಕಿದಂತಿದೆ.

ಗೇಸ್ಕ ಬಕೆಟ್ಟಿನಲ್ಲಿ ಟ್ಯೂಬು ಅದ್ದಿ ಹಿಂಡುತ್ತಿದ್ದಳು.
ಗುಳ್ಳೆ ಬಂತು. ಬೆರಳಿಟ್ಟಳು. "ಇಲ್ಲಿ" ಅಂದಳು.
"ನನ್ನ ಕಸುಬಿನಲ್ಲಿ ತೂತು ತಾನೇ ಬಾಯಿ ಬಿಡುತ್ತದೆ.
ಈ ಮನೆಯನ್ನು ಅದ್ದುವಷ್ಟು ದೊಡ್ಡ ಬಕೆಟ್ಟು
ನಿನ್ನ ಹತ್ತಿರ ಇದೆಯಾ?"
ಒಡ್ಡಿನ ಆಚೆ ಸಮುದ್ರ ಇತ್ತು.
ಇಬ್ಬರೂ ಆ ಮಾತು ಎತ್ತಲಿಲ್ಲ.

ಹದಿನಾಲ್ಕು ಬಿರುಕು. ಆರರವರೆಗೆ ಬರೆದೆ:
ಸಂಭವ, ಸಂಭವ, ಅಲ್ಲಗಳೆಯಲಾಗದು.
ಏಳನೆಯದಕ್ಕೆ ಪಟ್ಟಿ ಹಿಡಿದಾಗ ತಡೆದಳು.
"ಅದು ಬೇಡ. ಅದು ನೆಲದ್ದಲ್ಲ, ಎಲ್ಟ್ಯೊನದು.
ಚಹಾ ಡಬ್ಬಿಗಳಿಗೆ ಹಲಗೆ ಹೊಡೆಯುತ್ತೇನೆಂದು ಡ್ರಿಲ್ ಹಿಡಿದ,
ನಮ್ಮ ಮೊದಲ ವರ್ಷ. ನಾನು ನೋಡುತ್ತಾ ನಿಂತಿದ್ದೆ,
ಗಾರೆಯ ಪುಡಿ ಅವನ ಹುಬ್ಬಿನ ಮೇಲೆಲ್ಲ."
ಅದಕ್ಕೂ ಸಾವಿರದ ಚಿಲ್ಲರೆ ಯೂರೋ ಬರುತ್ತಿತ್ತು.
ಹೇಳಿದೆ. "ಗೊತ್ತು" ಅಂದಳು.

ಇಷ್ಟು ವರ್ಷಗಳಲ್ಲಿ ಮೊದಲ ಸಲ
ಆ ಎರಡು ಬೆರಳಿನ ಕಾಲಮ್ಮಿನಲ್ಲಿ
'ಅಥವಾ' ಇಲ್ಲದ ಒಂದು ಸಾಲು ಬರೆದೆ:
ಕಾರಣ, ಎಲ್ಟ್ಯೊ. ಸಾಕ್ಷಿ, ಹೆಂಡತಿ.

ಕಾಫಿ ಕೊಟ್ಟಳು. ಎಂಟನೆಯದಕ್ಕೆ ಏಳಬೇಕು,
ಸಾಸರಿನ ಮೇಲೆ ಬಟ್ಟಲು ಕಿಣಿಕಿಣಿ ಅಂದಿತು.
"ಬೀಟ್‌ರೂಟ್ ಲಾರಿ" ಅಂದಳು ಗೇಸ್ಕ,
ಕಿಟಕಿಯ ಕಡೆ ನೋಡದೆ.
ಲಾರಿ ಬಂದದ್ದು ನಿಜ,
ಬಟ್ಟಲು ಸುಮ್ಮನಾದ ಮೇಲೆ.