ಹವೆ ಅನುಕೂಲಿಸಿದಲ್ಲಿ

ಅರ್ಜಿಯ ಕೊನೆಯ ಸಾಲು ಪ್ರತಿ ವರ್ಷ ಅದೇ:
ಹವೆ ಅನುಕೂಲಿಸಿದಲ್ಲಿ
ಮಕ್ಕಳನ್ನು ಪೊಸಡಿ ಗುಂಪೆಯ ಮೇಲೆ
ಒಂದು ರಾತ್ರಿ ಡೇರೆಯಲ್ಲಿ ಮಲಗಿಸಲಾಗುವುದು.
ಕೆಳಗೆ ನನ್ನ ಸಹಿ, ಶಾಲೆಯ ಮೊಹರು.
'ಯಾರಿಗೆ ಅನುಕೂಲ ಟೀಚರೇ?'
ಕೇಳಿದ್ದು ಏಳನೆಯ ತರಗತಿಯ ಮಿಸ್ರಿಯಾ.
ನಾನು ಹಾಜರಿ ಕರೆದೆ.

ಮೊದಲ ತಾರೀಕು ಬಿದ್ದದ್ದು ತುಲಾ ತಿಂಗಳಲ್ಲಿ.
ಆ ತಿಂಗಳ ಸ್ವಭಾವ ನಿಮಗೆ ಗೊತ್ತಲ್ಲ:
ಬೆಳಗ್ಗೆ ತೊಳೆದು ಕವುಚಿಟ್ಟ ತಟ್ಟೆಯ ಹಾಗೆ ಆಕಾಶ,
ಮೂರು ಗಂಟೆಗೆ ಮೂಡು ದಿಕ್ಕಿನಲ್ಲೊಂದು ಮಸಿಬಟ್ಟೆ,
ನಾಲ್ಕಕ್ಕೆ ಸಿಡಿಲು.
ಬೋಳುಗುಡ್ಡದ ಮೇಲೆ ಅದು ಹುಡುಕಬೇಕಾದ್ದೇ ಇಲ್ಲ,
ನೆಟ್ಟಗೆ ನಿಂತವರೇ ಮರ.
ಮುಂದೂಡಿದೆ.

ಎರಡನೆಯ ಸಲ, ನಡುಗಡಲಲ್ಲಿ ಎಲ್ಲೋ
ಒಂದು ಚಂಡಮಾರುತ ಮಗ್ಗುಲು ಬದಲಿಸಿತಂತೆ.
ಕಲೆಕ್ಟರ ಆದೇಶ ಮಲಯಾಳದಲ್ಲಿ;
ಗಡಿಯಾಚೆಯಿಂದ ಬಂದ ನಾನು ಅಕ್ಷರ ಕೂಡಿಸುವಷ್ಟರಲ್ಲಿ
ಮಕ್ಕಳು ಓದಿ ಮುಗಿಸಿ, ರಜೆಯೆಂದು ಕುಣಿದು,
ಶಿಬಿರಕ್ಕೂ ರಜೆಯೆಂದು ಹೊಳೆದು
ಒಬ್ಬೊಬ್ಬರಾಗಿ ಸುಮ್ಮನಾದರು.

ಮೂರನೆಯ ತಾರೀಕಿಗೆ ಮೊದಲು ಜಾಗ ನೋಡಲು
ನಾನು, ಶಾಲೆಬಸ್ಸಿನ ಲೋಹಿತಾಕ್ಷ, ಗುಡ್ಡ ಹತ್ತಿದೆವು.
ಮುಳಿಹುಲ್ಲು ಒಣಗಿ ಹೊಂಬಣ್ಣ.
ಒಲೆ ಹಚ್ಚುವ ಹಾಗಿಲ್ಲ, ಒಂದು ಕಿಡಿ ಸಾಕು;
ಗಂಜಿ ಕೆಳಗೇ ಬೇಯಿಸಿ ಹೊತ್ತು ತರಬೇಕು.
ಗೂಟವೂ ಇಳಿಯಲಿಲ್ಲ.
ಸುತ್ತಿಗೆಯ ಸದ್ದನ್ನು ಮುರಕಲ್ಲು
ಎಣಿಸಿ ಎಣಿಸಿ ಸುತ್ತಿಗೆಗೇ ವಾಪಸು ಕೊಟ್ಟಿತು.
ಡೇರೆಯ ಚೀಲದೊಳಗಿನ ಪುಸ್ತಕದ ಚಿತ್ರದಲ್ಲಿ
ಮೆತ್ತಗಿನ ಹಸುರು ನೆಲ. ಯಾವ ದೇಶದ್ದೋ.

ಅಲ್ಲೇ ಫೋನು ತೆಗೆದೆ.
ಈ ಬಂಡೆಯ ಮೇಲೆ ನಿಂತರೆ ಒಂದು ಟವರು:
ಮಂಗಳೂರು, ಅಲ್ಲಲ್ಲಿ ಮೋಡ, ಮಳೆಯಿಲ್ಲ.
ಹತ್ತು ಹೆಜ್ಜೆ ತೆಂಕಕ್ಕೆ ಸರಿದರೆ ಇನ್ನೊಂದು:
ಕಾಸರಗೋಡು, ಹಳದಿ ಎಚ್ಚರಿಕೆ, ಗುಡುಗು.
'ಹಾಗಾದರೆ ಆ ಬಂಡೆಯ ಬುಡದಲ್ಲೇ ಡೇರೆ ಹಾಕುವ,'
ಎಂದು ಲೋಹಿತಾಕ್ಷ ನಕ್ಕ;
ಮರುದಿನ ಬಸ್ಸಿಡೀ ಈ ಕತೆ ಹಂಚಿದ.
ನಾನು ನಗಲಿಲ್ಲ.
ಇಪ್ಪತ್ತೆರಡು ಮಕ್ಕಳು, ಇಪ್ಪತ್ತೆರಡು ಚಾಪೆ,
ಅಮ್ಮಂದಿರ ಸಹಿ, ಕೆಲವು ಹೆಬ್ಬೆಟ್ಟು—
ಹತ್ತು ಹೆಜ್ಜೆಯೊಳಗೆ ಎಲ್ಲಿಡಲಿ?

ಹುಲ್ಲು ಕೊಯ್ಯುತ್ತಿದ್ದ ಐತ್ತಪ್ಪಣ್ಣನನ್ನು ಕೇಳಿದೆ.
ಅವರು ಇರುವೆ ನೋಡಿದರು, ಪಡುವಣ ನೋಡಿದರು,
ಕತ್ತಿಯ ಹಿಡಿಯಿಂದ ಬೆನ್ನು ತುರಿಸಿಕೊಂಡು
'ಬಂದರೆ ಬರುತ್ತದೆ' ಎಂದರು.

ಶನಿವಾರ ಸಂಜೆಗೂ ಹಳದಿ ಆರಿರಲಿಲ್ಲ.
ಡೇರೆಗಳನ್ನು ತರಗತಿಯೊಳಗೇ ಎತ್ತಿದೆವು.
ಸಿಮೆಂಟೂ ಮುರಕಲ್ಲಿನ ಜಾತಿಯೇ;
ಹಗ್ಗ ಬೆಂಚಿನ ಕಾಲಿಗೆ, ಕಿಟಕಿಯ ಸರಳಿಗೆ,
ಒಂದು ಕರಿಹಲಗೆಯ ಮೊಳೆಗೆ.
ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳನುಗ್ಗಿದರು,
ದೀಪ ಆರಿಸಿ ಫ್ಯಾನು ಹಾಕಿದರು, ಅದು ಗಾಳಿ.
ಪ್ರೀತೇಶ ಹುಲಿಯಾದ.
ಯಾರೋ ನಿಜಕ್ಕೂ ಅತ್ತರು.

ಮಳೆ ಬರಲಿಲ್ಲ.
ಒಂದು ಹನಿಯೂ.

ಹನ್ನೊಂದಕ್ಕೆ ಅಂಗಳಕ್ಕಿಳಿದರೆ
ಗುಂಪೆಯ ನೆತ್ತಿಯ ಮೇಲೆ ನಕ್ಷತ್ರಗಳು,
ಹೆಸರು ಕರೆದರೆ ಹಾಜರೆನ್ನುವಷ್ಟು ಹತ್ತಿರ.
ಹಿಂದೆಯೇ ಮಿಸ್ರಿಯಾ. ನಿದ್ದೆ ಬರಲಿಲ್ಲವಂತೆ.
ಸಿಡಿಲು, ಜವಾಬ್ದಾರಿ, ಹೆಡ್‌ಮಾಸ್ತರು ಎಂದು
ನಾನು ಏನೋ ಹೇಳಹೊರಟೆ.
ಅವಳು ಕತ್ತು ಮೇಲೆತ್ತಿಯೇ ಕೇಳಿದಳು:
'ಇದು ಯಾವ ಟವರಿನದು ಟೀಚರೇ?'

ಬೆಳಗ್ಗೆ ವರದಿ ಬರೆದೆ.
ಸ್ಥಳ: ತರಗತಿ. ಹಾಜರಿ: ಇಪ್ಪತ್ತೆರಡು.
'ಹವೆ' ಎಂಬಲ್ಲಿ ಪೆನ್ನು ನಿಂತಿತು.
ಹಗ್ಗ ಬಿಚ್ಚದ ಒಂದು ಡೇರೆಯೊಳಗೆ
ಇನ್ನೂ ಯಾರದೋ ಉಸಿರು, ಹೊರಗೆ ಒಂದೇ ಚಪ್ಪಲಿ,
ಮೇಲೆ ಫ್ಯಾನು ತಿರುಗುತ್ತಿತ್ತು.
'ಗಾಳಿ, ಸಾಧಾರಣ' ಎಂದು ತುಂಬಿಸಿದೆ.