ಸೊನ್ನೆಗಿಂತ ಕೆಳಗೆ

ನೆಲಕ್ಕೆ ಐವತ್ತೆರಡು ಲಕ್ಷ ಯೆನ್.
ಮನೆಗೆ ಸೊನ್ನೆ.
ಹಾಗಂತ ಬರೆದು ಮಿಯಾಬೆಯವರು
ಪೆನ್ನಿಗೆ ಮುಚ್ಚಳ ಹಾಕಿದ ಸದ್ದು
ಖಾಲಿ ಕೋಣೆಯಲ್ಲಿ ಎರಡು ಸಲ ಕೇಳಿಸಿತು.

ಮರದ ಮನೆಗೆ ಇಪ್ಪತ್ತೆರಡು ವರ್ಷ ಆಯಸ್ಸು ಎಂದರು,
ಕಾಗದದ ಮೇಲೆ. ಇದಕ್ಕೀಗ ಮೂವತ್ತೊಂಬತ್ತು.
"ಅಂದರೆ, ಹದಿನೇಳು ವರ್ಷದಿಂದ ಇದು ಸತ್ತೇ ಇದೆ."
ಅಂದುಬಿಟ್ಟು ನಾಚಿಕೊಂಡು
ಸತ್ತದ್ದರ ಕಂಬವನ್ನೊಮ್ಮೆ ಅಂಗೈಯಿಂದ ಸವರಿದರು.
"ನಿಜ ಹೇಳಬೇಕೆಂದರೆ ಸೊನ್ನೆಯೂ ಅಲ್ಲ.
ಕೆಡವುವುದಕ್ಕೇ ಹದಿನೆಂಟು ಲಕ್ಷ ಬೇಕು.
ಸೊನ್ನೆಗಿಂತ ಕೆಳಗೆ."
ನಮ್ಮೂರಿಗೆ ಅದೇನು ಹೊಸ ಲೆಕ್ಕವಲ್ಲ,
ಡಿಸೆಂಬರಿನಿಂದ ಮಾರ್ಚಿನವರೆಗೆ
ನಾವಿರುವುದೇ ಅಲ್ಲಿ.

ನನಗೂ ಮೂವತ್ತೊಂಬತ್ತು.
ಹಕೊದಾತೆಯ ಟ್ರಾಮು ನಡೆಸುವವಳು,
ಹಳಿ ಬಿಟ್ಟು ಅಂಗುಲ ಆಚೆ ಹೋದವಳಲ್ಲ.
ಹನ್ನೊಂದು ವರ್ಷ, ತಿಂಗಳಿಗೆ ನಲವತ್ತೆಂಟು ಸಾವಿರ,
ಬಾಡಿಗೆಯ ಗೋಡೆಗೆ ಮೊಳೆ ಹೊಡೆಯದೆ
ಕ್ಯಾಲೆಂಡರನ್ನು ಫ್ರಿಜ್ಜಿಗೆ ಒರಗಿಸಿ ಬದುಕಿದೆ.
ಒಂದು ರಾತ್ರಿ ಕೂತು ಗುಣಿಸಿದೆ:
ಅರವತ್ತಮೂರು ಲಕ್ಷದ ಮೂವತ್ತಾರು ಸಾವಿರ.
ಪ್ರತಿಯಾಗಿ ನನ್ನ ಬಳಿ ಇದ್ದದ್ದು
ಬೂಟಿನ ಡಬ್ಬಿಯ ತುಂಬ ರಸೀದಿ.

ಅಕ್ಕ ಮಿನೆಕೊ ಸಪ್ಪೊರೊದಿಂದ ಫೋನು ಮಾಡಿದಳು.
ಲೆಕ್ಕದಲ್ಲಿ ಅವಳು ಗಟ್ಟಿ.
"ಕೊಂಡರೆ ಏರುವಂಥದ್ದು ಕೊಳ್ಳೇ.
ಸ್ಟೇಷನ್ನಿನ ಹತ್ತಿರ ಫ್ಲ್ಯಾಟು, ಹನ್ನೆರಡನೇ ಮಹಡಿ.
ನಿನ್ನೂರಲ್ಲಿ ಜನವೇ ಕರಗುತ್ತಿದ್ದಾರೆ,
ನಾಳೆ ಮಾರಹೋದರೆ ಕೇಳುವವರಿರುವುದಿಲ್ಲ."
ನಿಜ. ನನ್ನ ಟ್ರಾಮಿನಲ್ಲೇ ಗೊತ್ತಾಗುತ್ತದೆ:
ಮೊದಲು ನಿಂತು ಬರುತ್ತಿದ್ದವರು ಈಗ ಕೂತು ಬರುತ್ತಾರೆ,
ಕೂತವರ ಪಕ್ಕದಲ್ಲಿ ಚೀಲವೂ ಕೂತಿರುತ್ತದೆ.
ಎದುರು ಮಾತು ಹೊಳೆಯಲಿಲ್ಲ.
ಹೊಳೆಯದೆಯೇ ಮೊಹರು ಒತ್ತಿದೆ.

ಮಾರಿದವರು ಹಟಕೆಯಾಮ,
ಮೀನುದೋಣಿಗಳ ದೀಪ ರಿಪೇರಿ ಮಾಡುತ್ತಿದ್ದವರು.
ಕೀಲಿಕೈ ಜೊತೆ ಒಂದು ಹಾಳೆ ಕೊಟ್ಟರು, ಪೆನ್ಸಿಲಿನಲ್ಲಿ:
ಮೈನಸ್ ನಾಲ್ಕು ಅಂದರೆ ಮಲಗುವ ಮುಂಚೆ ನೀರು ಇಳಿಸಿಬಿಡು.
ಮೊದಲು ಅಡುಗೆಮನೆಯದು, ಆಮೇಲೆ ಬಚ್ಚಲಿನದು.
ಬಚ್ಚಲಿನದನ್ನು ಮರೆಯುತ್ತೀಯ. ನಾನೂ ಮರೆಯುತ್ತಿದ್ದೆ.
ಹಿಮವನ್ನು ಪಡುವಣಕ್ಕೆ ತಳ್ಳು; ಮೂಡಣಕ್ಕೆ ತಳ್ಳಿದರೆ
ಪಕ್ಕದವರು ವಸಂತದವರೆಗೆ ಮಾತಾಡುವುದಿಲ್ಲ.
ಮೂರನೇ ಮೆಟ್ಟಿಲು ಕೂಗುತ್ತದೆ. ಕೂಗಲಿ.

ಈ ಹಾಳೆ ಯಾವ ಕಾಲಮ್ಮಿಗೆ ಸೇರುತ್ತದೆಂದು
ಮಿಯಾಬೆಯವರನ್ನು ಕೇಳಬೇಕಿತ್ತು.

ಮೊದಲ ದಿನವೇ ಮೊಳೆ ಹೊಡೆದೆ. ಸೊಟ್ಟಗಾಯಿತು.
ಪಕ್ಕದಲ್ಲಿ ಇನ್ನೊಂದು ಹೊಡೆದೆ.
ಕೇಳುವವರಿಲ್ಲ ಎಂದು
ಮೂರನೆಯದನ್ನೂ.

ಜನವರಿಯ ಒಂದು ರಾತ್ರಿ ಮೈನಸ್ ಒಂಬತ್ತು.
ಅಡುಗೆಮನೆಯದು ಇಳಿಸಿದೆ. ಬಚ್ಚಲಿನದು ಮರೆತೆ.
ಬೆಳಗಿನ ನಾಲ್ಕೂವರೆಗೆ ತಿರುಗಿಸಿದರೆ ನಲ್ಲಿ ಮೂಕ.
ಬಾಡಿಗೆಯವಳಾಗಿದ್ದರೆ ಮಾಲೀಕರಿಗೆ ಫೋನು ಮಾಡಬಹುದಿತ್ತು;
ಈಗ ಮಾಡಿದರೆ ನನ್ನ ಜೇಬೇ ಗುನುಗುತ್ತದೆ.
ಬಿಸಿನೀರಲ್ಲಿ ಅದ್ದಿದ ಟವೆಲನ್ನು ಪೈಪಿಗೆ ಸುತ್ತಿ,
ಹಿಂಡಿ, ಮತ್ತೆ ಸುತ್ತಿ,
ಮಗುವಿನ ಹಣೆಯ ಹಾಗೆ ಮುಟ್ಟಿ ಮುಟ್ಟಿ ನೋಡುತ್ತ ಕೂತೆ,
ಜ್ವರ ಇಳಿಯಲಿ ಎಂದಲ್ಲ,
ಏರಲಿ ಎಂದು.
ಏರುವಂಥದ್ದು ಕೊಳ್ಳು ಅಂದಿದ್ದಳಲ್ಲ ಅಕ್ಕ.

ಕೊನೆಗೆ ನಲ್ಲಿ ಕೆಮ್ಮಿತು,
ತುಕ್ಕಿನ ಬಣ್ಣ ಉಗುಳಿತು,
ಆಮೇಲೆ ತಿಳಿ.
ಮುಖ ತೊಳೆದು ಬಾಗಿಲವರೆಗೆ ಹೋದವಳು
ಟೋಪಿ ಮರೆತೆನೆಂದು ಮಹಡಿ ಹತ್ತಿ ಇಳಿಯುವಾಗ
ಮೂರನೇ ಮೆಟ್ಟಿಲು ಕೂಗಿತು.
ಬರ್ತೀನಿ, ಅಂದೆ.
ಹನ್ನೊಂದು ವರ್ಷ ಯಾವ ಬಾಗಿಲಿಗೂ ಅಂದಿರಲಿಲ್ಲ.

ಅವತ್ತು ಮೊದಲ ಟ್ರಾಮು
ಎರಡು ನಿಮಿಷ ತಡ.