ಘಟಕ ಹನ್ನೊಂದು

ಪುಸ್ತಕಗಳು ಅಂಚೆಯಲ್ಲಿ ಬಂದವು,
ಒಂದು ಮೂಲೆ ನೆನೆದು ಉಬ್ಬಿತ್ತು.
ಮನೆಯ ವಿಳಾಸ ಕೊಟ್ಟಿರಲಿಲ್ಲ, ಮಿಲ್ಲಿನದೇ ಕೊಟ್ಟಿದ್ದೆ,
ಕಪನೂರು ಇಂಡಸ್ಟ್ರಿಯಲ್ ಏರಿಯಾ, ತೂಕದ ಕೋಣೆ.
ಹಮಾಲ ಮಶಾಕ್ ಅದನ್ನೂ ಬೆನ್ನ ಮೇಲೆ ಹೊತ್ತು ತಂದು
ಸಣ್ಣ ಕಾಟಾದ ಮೇಲಿಟ್ಟ:
ಮೂರು ಕಿಲೋ ಆರುನೂರು ಗ್ರಾಂ
ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು.
"ಚೀಲದ ತೂಕ ಕಳೀರಿ ಅಕ್ಕೋರೆ," ಅಂದ.
ಕಳೆದೆ. ತೊಂಬತ್ತು ಗ್ರಾಂ.

ಅನುಕೂಲವಾದಾಗ ಓದಿ ಎಂದಿತ್ತು ಮಾಹಿತಿ ಪುಸ್ತಿಕೆ.
ಸೋಮವಾರದಿಂದ ಐತವಾರದವರೆಗೆ ಹುಡುಕಿದೆ,
ಅನುಕೂಲವಾರ ಸಿಗಲಿಲ್ಲ.
ಮೂರು ವರ್ಷದ ಪದವಿಗೆ ಆರು ವರ್ಷದ ಸೈರಣೆ ಕೊಡುತ್ತಾರೆ;
ನಾನು ಐದನೆಯದರಲ್ಲಿದ್ದೇನೆ.
ಲಾರಿ ಕಾಟಾ ಹತ್ತಿ ಇಳಿಯುವ ನಡುವೆ
ಒಂದು ಪ್ಯಾರಾ.
ಕೆಂಪು ಅಂಕಿ ನಡುಗಿ ನಿಲ್ಲುವವರೆಗೆ
ಅರ್ಧ ವಾಕ್ಯ.
ಶೀತಲ ಸಮರ ಮುಗಿಯುವುದಕ್ಕೆ ನನಗೆ
ಒಂದು ಇಡೀ ಸುಗ್ಗಿ ಹಿಡಿಯಿತು.

ಸಾವಕಾರರು ಗಾಜಿನಾಚೆಯಿಂದ ಬಗ್ಗಿ ನೋಡಿ
"ಇದು ಓದಿ ಏನ್ ರಾಯಭಾರಿ ಆಗ್ತೀ ಏನವಾ?"
ಇಲ್ಲ ಅಂದೆ. ಮತ್ತೇನು ಅನ್ನಬೇಕೋ ತಿಳಿಯಲಿಲ್ಲ.

ಸಂಪರ್ಕ ತರಗತಿಯಲ್ಲಿ ನಾವು ಏಳು ಜನ.
ಆಳಂದದ ಕಾನ್‌ಸ್ಟೇಬಲ್ ರಾತ್ರಿ ಪಾಳಿ ಮುಗಿಸಿ ಬಂದು
ಭದ್ರತಾ ಮಂಡಳಿ ಬರುವಷ್ಟರಲ್ಲಿ ನಿದ್ದೆ ಹೋದ.
ಯಾರೂ ಎಬ್ಬಿಸಲಿಲ್ಲ.

ಎರಡನೆಯ ಘಟಕ: ರಾಜ್ಯದ ಮೂಲಾಂಶಗಳು ನಾಲ್ಕು.
ಜನ, ನೆಲ, ಸರ್ಕಾರ, ಪರಮಾಧಿಕಾರ.
ನಮ್ಮ ಆಯಿ ಶಹಾಬಾದಿನಲ್ಲಿ ಒಂದೇ ಒಲೆಯ ಮುಂದೆ ಕೂತು
ನಿಜಾಮನ ಪ್ರಜೆಯಾಗಿದ್ದಳು, ಆಮೇಲೆ ಹೈದರಾಬಾದ್ ರಾಜ್ಯದವಳು,
ಆಮೇಲೆ ಮೈಸೂರಿನವಳು, ಆಮೇಲೆ ಕರ್ನಾಟಕದವಳು.
ಮೈಸೂರು ಎಲ್ಲಿದೆ ಅಂತ ಕೊನೆತನಕ ಕೇಳಲಿಲ್ಲ.
ಬೇಳೆ ಡಬ್ಬಿಯ ತಳದಲ್ಲಿ ಒಂದು ಹಾಲಿ ಸಿಕ್ಕಾ ಇಟ್ಟಿದ್ದಳು,
"ಇರ್ಲಿ, ತಿರುಗಿ ಬಂದ್ರ?" ಅಂತ.
ಇದನ್ನು ಯಾವ ಅಂಶದಡಿ ಬರೆಯಬೇಕು?

ಮಾರ್ಚಿಯಲ್ಲಿ ಮುಂಬೈ ಬಂದರಿನಿಂದ ತೊಗರಿ ಬಂತು.
ಊರ ತುಂಬ ತೊಗರಿ; ಆದರೂ ಬಂತು.
ಬರ್ಮಾದ್ದು ಅಂದರು.
ಚೀಲದ ಮೇಲೆ ನೀಲಿ ಮಸಿಯ ದುಂಡನೆಯ ಅಕ್ಷರ,
ಕೊಂಬು, ಸೊನ್ನೆ, ಒತ್ತಿನಂಥದ್ದು,
ನಮ್ಮವೇ ಅನ್ನಿಸಿ ಓದಲು ಬಾಯಿ ತೆರೆದೆ.
ತೆರೆದ ಬಾಯಿ ಹಾಗೇ ಉಳಿಯಿತು.
ಮಶಾಕ್ ಕೂಡ ನಿಂತು ನೋಡಿದ:
"ಯಾರೋ ಕನ್ನಡ ಮರ್ತವ್ರು ಬರ್ದಾರ ನೋಡ್ರಿ."

ಹೊಲಿಗೆ ಬಿಚ್ಚಿದಾಗ ದಾರದ ತುದಿಯಲ್ಲಿ ಎರಡು ಗಂಟು.
ನಮ್ಮ ಹೆಣ್ಮಕ್ಕಳು ಒಂದೇ ಹಾಕುತ್ತಾರೆ.
ಅಲ್ಲಿ ಒಬ್ಬಾಕೆಗೆ ನಂಬಿಕೆ ಕಡಿಮೆ,
ಇಲ್ಲವೇ ದಾರ ಜಾಸ್ತಿ.

ಆ ಲಾರಿ ನಲವತ್ತು ಕಿಲೋ ಕಡಿಮೆ ತೂಗಿತು.
ಸೊಲ್ಲಾಪುರದ ಡ್ರೈವರ್ ಆಣೆ ಮಾಡಿದ:
ಹಡಗಿನಿಂದ ಇಳಿದಾಗ ಹಸಿ ಇತ್ತು, ದಾರಿಯಲ್ಲಿ ಒಣಗಿತು.
ಖರೆ ಇರಬಹುದು. ನಮ್ಮ ಬಿಸಿಲು ಏನನ್ನೂ ಬಿಡುವುದಿಲ್ಲ.
ಅಲ್ಲಿ ಕೊಂಡ, ಸಮುದ್ರ ದಾಟಿಸಿದ, ಸುಂಕ ಕಟ್ಟಿದ,
ಹೆದ್ದಾರಿಯ ಮೇಲೆ ಆವಿಯಾದ ನಲವತ್ತು ಕಿಲೋ ನೀರು
ಈಗ ಯಾವ ದೇಶದ್ದು?

ಘಟಕ ಹನ್ನೊಂದು, ಪರಸ್ಪರ ಅವಲಂಬನೆ. ವಿವರಿಸಿ. ಹತ್ತು ಅಂಕ.
ನಿಯೋಜಿತ ಬರಹದಲ್ಲಿ ಇದಿಷ್ಟೂ ಬರೆದೆ,
ಆಯಿಯ ಸಿಕ್ಕಾ ಒಂದು ಬಿಟ್ಟು.
ತಿಂಗಳ ಮೇಲೆ ತಿರುಗಿ ಬಂತು: ನಾಲ್ಕು.
ಅಂಚಿನಲ್ಲಿ ಕೆಂಪು ಮಸಿ, ಒಂದೇ ಪದ: "ಆಕರ?"
ಅದರ ಕೆಳಗೆ ಪೆನ್ಸಿಲಿನಲ್ಲಿ, ಬಹುಶಃ ಆಮೇಲೆ ಬರೆದದ್ದು:
"ಎರಡು ಗಂಟು ಯಾಕೆ?"

ಆಕರ ಇತ್ತು. ತೂಕದ ಚೀಟಿಯ ಗುಲಾಬಿ ಪ್ರತಿ ಹುಡುಕಿ ತೆಗೆದೆ.
ಒಟ್ಟು, ಖಾಲಿ, ನಿವ್ವಳ, ಕೆಳಗೆ ಸಹಿ, ಜಗದೇವಿ.
ಗುಂಡುಪಿನ್ನು ಚುಚ್ಚಿ ಇಟ್ಟಿದ್ದೇನೆ.
ಎರಡನೆಯ ಪ್ರಶ್ನೆಗೆ ಮಶಾಕ್‌ನನ್ನು ಕೇಳಬೇಕು.
ಆ ದಾರ ಅವನ ಹತ್ತಿರ ಇದೆ,
ಸೈಕಲ್ಲಿನ ಕೀಲಿಗೆ ಕಟ್ಟಿಕೊಂಡಿದ್ದಾನೆ,
ಗಂಟು ಬಿಚ್ಚದೆ.